ಬೀಳಗಿಯ ದನಿ, ಕೃಷ್ಣನ ಭಜನೆ: ಅಮೀರ್‌ಬಾಯಿ ಕರ್ನಾಟಕಿ ಹಾಡಿದ ಭಕ್ತಿ ಯಾರದು?

ಹಿಂದಿ ಚಿತ್ರಗೀತೆಯ ಮೊದಲ ಪೀಳಿಗೆಯ ಗಾಯಕಿಯರಲ್ಲಿ ಅಮೀರ್‌ಬಾಯಿ ಕರ್ನಾಟಕಿ ಮುಖ್ಯರು. ಅವರು ಹುಟ್ಟಿದ್ದು ಬೀಳಗಿಯಲ್ಲಿ, 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ. ಆಗ ಬೀಳಗಿ ವಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆಗೆ ಸೇರಿದ್ದು 1997ರಲ್ಲಿ. ಕನ್ನಡ ಆಡುತ್ತ ಬೆಳೆದ ಮುಸ್ಲಿಂ ಕುಟುಂಬದ ಹೆಣ್ಣುಮಗಳು ಹದಿಹರೆಯದಲ್ಲೇ ಮುಂಬಯಿ ಸೇರಿದರು. ಅವರ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಗೆ ಹೋಗಿ ಬಾಲಗಂಧರ್ವರ ಜೊತೆಗಾರ್ತಿಯಾದರೆ, ತಂಗಿ ಸಿನಿಮಾದ ಕಡೆ ನಡೆದರು. ಇಬ್ಬರ ಹೆಸರಿಗೂ ‘ಕರ್ನಾಟಕಿ’ ಎಂಬುದು ಅಂಟಿಕೊಂಡಿತು. ಅಮೀರ್‌ಬಾಯಿ ಚಿತ್ರರಂಗಕ್ಕೆ ಕಾಲಿಟ್ಟಿದ್ದು 1934ರ ‘ವಿಷ್ಣು ಭಕ್ತಿ’ಯಿಂದ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅವರು ಹಾಡಿದ ಹಾಡುಗಳು ಮುನ್ನೂರನ್ನು ಮೀರುತ್ತವೆ. ಹೆಚ್ಚಿನವು ಹಿಂದಿಯವು, ಜೊತೆಗೆ ಗುಜರಾತಿಯವೂ ಇವೆ. ಅವುಗಳಲ್ಲಿ ಕೃಷ್ಣನನ್ನು ಕರೆಯುವ ಭಜನೆ, ದೀಪಾವಳಿಯ ಹಾಡು, ನರಸಿ ಮೆಹತಾನ ಪದ ಎಲ್ಲ ಸೇರಿವೆ.

ಈ ಹಾಡುಗಳನ್ನು ಒಂದರ ಹಿಂದೆ ಒಂದರಂತೆ ಕೇಳುತ್ತ ಹೋಗುವ ಅಭಿಮಾನಿಗೆ ಇಂದಲ್ಲ ನಾಳೆ ಒಂದು ಪ್ರಶ್ನೆ ಎದುರಾಗುತ್ತದೆ. ಹಾಡಿನಲ್ಲಿ ಕೇಳಿಸುವ ಭಕ್ತಿ ಯಾರದು? ಹಾಡಿದವರ ನಂಬಿಕೆಗೂ ಹಾಡಿನ ನಂಬಿಕೆಗೂ ಸಂಬಂಧ ಇರಲೇಬೇಕೇ? ಸೌಜನ್ಯಕ್ಕಾಗಿ ‘ಕಲೆಗೆ ಧರ್ಮವಿಲ್ಲ’ ಎಂದು ಹೇಳಿ ಇದನ್ನು ಮುಗಿಸುವುದು ವಾಡಿಕೆ. ಆದರೆ ಭಾರತೀಯ ಕಾವ್ಯಮೀಮಾಂಸೆ, ಶರಣರ ಚಿಂತನೆ, ಸೂಫಿಗಳ ವಿಚಾರ ಮೂರೂ ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿಕೊಂಡಿವೆ. ಹಾಗಾಗಿ ಅದು ವಾಡಿಕೆಯ ಮಾತಿಗಿಂತ ಹೆಚ್ಚಿನ ಉತ್ತರಕ್ಕೆ ಅರ್ಹ.

ಮೊದಲು ಹಾಡುಗಳನ್ನೇ ನೋಡಬೇಕು. ಅಮೀರ್‌ಬಾಯಿ ಅವರ ಕಾಲದ ಹಾಡು ಜನರಿಗೆ ಮುಟ್ಟುತ್ತಿದ್ದುದು ಅರಗಿನಿಂದ ಮಾಡಿದ ಗ್ರಾಮಫೋನ್ ತಟ್ಟೆಯ ಮೂಲಕ. ನಿಮಿಷಕ್ಕೆ 78 ಸುತ್ತು ಸುತ್ತುವ ಆ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷ ಚಿಲ್ಲರೆಯ ಹಾಡು ಹಿಡಿಯುತ್ತಿತ್ತು, ಅಷ್ಟೆ. ಕೈಜಾರಿ ಬಿದ್ದರೆ ಚೂರಾಗುತ್ತಿತ್ತು. ತಟ್ಟೆಯ ನಡುವಿನ ಚೀಟಿಯಲ್ಲಿ ಹಾಡಿದವರ ಹೆಸರು ಇದ್ದೇ ಇರುತ್ತದೆ ಎಂಬ ಭರವಸೆ ಆ ಕಾಲದಲ್ಲಿ ಇರಲಿಲ್ಲ. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಗಾಯಕಿ ಲತಾ ಮಂಗೇಶ್ಕರ್ ಅವರ ಹೆಸರಿನ ಬದಲು ಚಿತ್ರದ ಪಾತ್ರ ‘ಕಾಮಿನಿ’ಯ ಹೆಸರನ್ನು ಅಚ್ಚು ಹಾಕಿದ್ದರು. ಹೀಗಾಗಿ ಹಳೆಯ ಗಾಯಕಿಯೊಬ್ಬರ ಹಾಡುಗಳ ಪೂರ್ತಿ ಪಟ್ಟಿ ಕೂಡಿಸುವುದೆಂದರೆ ಅರ್ಧ ಪತ್ತೇದಾರಿಕೆ. ಹರ್ ಮಂದಿರ್ ಸಿಂಗ್ ‘ಹಮ್‌ರಾಜ್’ ದಶಕಕ್ಕೊಂದು ಸಂಪುಟದಂತೆ ಹೊರತಂದ ‘ಹಿಂದಿ ಫಿಲ್ಮ್ ಗೀತ್ ಕೋಶ್’ ಇಲ್ಲದಿದ್ದರೆ ಈ ಕೆಲಸ ಆಗುವಂತಿರಲಿಲ್ಲ. ಕನ್ನಡದಲ್ಲಿ ರಹಮತ್ ತರೀಕೆರೆ ಅವರು ಅಮೀರ್‌ಬಾಯಿಯ ಜೀವನವನ್ನು ಕುರಿತು ಪುಸ್ತಕವನ್ನೇ ಬರೆದರು. ಬೀಳಗಿಯ ಈ ಮಗಳು ತನ್ನ ನುಡಿಯವರ ನೆನಪಿಗೆ ಮರಳಲು ಆ ಪುಸ್ತಕ ಮುಖ್ಯ ಕಾರಣ.

ಕಾಲಕ್ರಮದಲ್ಲಿ ಕೇಳಿದರೆ 1940ರ ‘ನರ್ಸಿ ಭಗತ್’ ಬೇಗ ಸಿಗುತ್ತದೆ. ಗುಜರಾತಿನ ಸಂತ ನರಸಿ ಮೆಹತಾನ ಕತೆಯನ್ನು ವಿಜಯ್ ಭಟ್ ನಿರ್ದೇಶಿಸಿದರು. ಸಂತನ ಪಾತ್ರವನ್ನು ವಿಷ್ಣುಪಂತ ಪಾಗನೀಸ್ ಮಾಡಿದರು. ಪರರ ನೋವನ್ನು ಅರಿತವನೇ ವೈಷ್ಣವ ಎಂದು ಸಾರುವ ನರಸಿಯ ಭಜನೆ ಆ ಚಿತ್ರದಲ್ಲಿದೆ, ಅದರಲ್ಲಿ ಅಮೀರ್‌ಬಾಯಿಯ ದನಿಯೂ ಇದೆ. ಗಾಂಧೀಜಿಗೆ ಅವರ ಕಂಠದಲ್ಲಿ ಆ ಭಜನೆ ಬಹಳ ಮೆಚ್ಚುಗೆಯಾಗಿತ್ತು ಎಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ವೈಷ್ಣವ ಯಾರು ಎಂಬ ಪ್ರಶ್ನೆಗೆ ಆ ಪದ ಕೊಡುವ ಉತ್ತರದಲ್ಲಿ ಜಾತಿಯ ಮಾತಿಲ್ಲ, ಮತದ ಮಾತಿಲ್ಲ. ಇರುವುದೆಲ್ಲ ನಡತೆಯ ಮಾತು. ಮುಸ್ಲಿಂ ಗಾಯಕಿ ಅದನ್ನು ಹಾಡಿದಾಗ ಹಾಡಿನ ಅರ್ಥ ಕೆಡುವ ಬದಲು ಇನ್ನಷ್ಟು ಸ್ಪಷ್ಟವಾಗುತ್ತದೆ.

1943ರ ‘ಕಿಸ್ಮತ್’ ಅವರನ್ನು ಶಿಖರಕ್ಕೆ ಏರಿಸಿತು. ಬಾಂಬೆ ಟಾಕೀಸ್ ತಯಾರಿಸಿದ ಈ ಚಿತ್ರದ ಸಂಗೀತ ಅನಿಲ್ ಬಿಸ್ವಾಸ್ ಅವರದು, ಸಾಹಿತ್ಯ ಕವಿ ಪ್ರದೀಪ್ ಅವರದು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷ ದಾಟಿ ಓಡಿತು. ಹೊರಗಿನವರು ಈ ದೇಶದಿಂದ ತೊಲಗಲಿ ಎಂದು ಗದರುವ ಹಾಡನ್ನು ಅಮೀರ್‌ಬಾಯಿ ಖಾನ್ ಮಸ್ತಾನಾ ಜೊತೆ ಹಾಡಿದ್ದಾರೆ. ಯುದ್ಧಕಾಲದ ಬ್ರಿಟಿಷ್ ಸೆನ್ಸಾರಿನವರು ಅದನ್ನು ಜರ್ಮನಿ, ಜಪಾನುಗಳ ವಿರುದ್ಧದ ಹಾಡೆಂದು ತಿಳಿದು ಬಿಟ್ಟರು. ಜನ ಅದರ ಗುರಿ ಯಾರೆಂದು ಸರಿಯಾಗಿ ತಿಳಿದುಕೊಂಡರು. ಅದೇ ಚಿತ್ರದಲ್ಲಿ ದಿಕ್ಕಿಲ್ಲದ ಹೆಣ್ಣೊಬ್ಬಳು ಕೃಷ್ಣನನ್ನು ಬಿಟ್ಟರೆ ತನಗೆ ಬೇರೆ ಯಾರಿದ್ದಾರೆ ಎಂದು ಮೊರೆಯಿಡುವ ಭಜನೆ ಇದೆ. ಮನೆಮನೆಯಲ್ಲೂ ದೀಪ ಉರಿಯುವಾಗ ತನ್ನ ಮನೆಯಲ್ಲಿ ಮಾತ್ರ ಕತ್ತಲೆ ಎನ್ನುವ ದೀಪಾವಳಿಯ ಹಾಡಿದೆ. ಒಂದೇ ಚಿತ್ರದಲ್ಲಿ, ಒಂದೇ ದನಿಯಲ್ಲಿ ದೇಶ, ದೇವರು, ಒಂಟಿತನ ಮೂರೂ ಬಂದಿವೆ.

ಕೃಷ್ಣ ಭಜನೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಅದನ್ನು ಬರೆದವರು ಮಧ್ಯಭಾರತದ ಬ್ರಾಹ್ಮಣ ಕವಿ. ರಾಗ ಹಾಕಿದವರು ಪೂರ್ವ ಬಂಗಾಳದವರು. ಹಾಡಿದವರು ಬೀಳಗಿಯ ಮುಸ್ಲಿಂ ಗಾಯಕಿ. ತೆರೆಯ ಮೇಲೆ ತುಟಿ ಆಡಿಸಿದವರು ಪಂಜಾಬಿನ ಮುಸ್ಲಿಂ ನಟಿ ಮಮ್ತಾಜ್ ಶಾಂತಿ. ಕತೆಯೊಳಗೆ ಮೊರೆಯಿಡುವವಳು ರಾಣಿ ಎಂಬ ಕುಂಟ ಹುಡುಗಿ. ಇಷ್ಟು ಕೈ ದಾಟಿದ ಪ್ರಾರ್ಥನೆ ಕೊನೆಗೆ ಸಭಾಗೃಹದ ಕತ್ತಲಲ್ಲಿ ಕುಳಿತ ಒಬ್ಬಾಕೆಯ ಕಣ್ಣಲ್ಲಿ ನೀರು ತರಿಸುತ್ತದೆ. 1935ರಲ್ಲಿ ಹಿಂದಿ ಚಿತ್ರಗಳಿಗೆ ಬಂದ ಹಿನ್ನೆಲೆ ಗಾಯನದ ಪದ್ಧತಿ ಮುಖವನ್ನೂ ದನಿಯನ್ನೂ ಬೇರೆ ಮಾಡಿದ ಮೇಲೆ ಭಕ್ತಿ ಯಾರದು ಎಂಬ ಪ್ರಶ್ನೆ ಹಿಂದೆಂದಿಗಿಂತ ತೊಡಕಾಯಿತು. ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು ಏಕತಾರಿ ಹಿಡಿದವನ ಭಕ್ತಿ ಅವನದೇ ಎನ್ನಲು ಅಡ್ಡಿಯಿಲ್ಲ. ಇಲ್ಲಿ ಹಾಗೆ ಬೆರಳು ಮಾಡಿ ತೋರಿಸಲು ಒಬ್ಬರೂ ಸಿಗುವುದಿಲ್ಲ.

ಉಳಿದ ಹಾಡುಗಳ ವಿಸ್ತಾರವೂ ಗಮನಿಸುವಂಥದ್ದು. 1944ರ ‘ರತನ್’ ಚಿತ್ರಕ್ಕೆ ನೌಶಾದ್ ಕೂಡಿಸಿದ ಅಗಲಿಕೆಯ ಹಾಡು, 1946ರ ಗುಜರಾತಿ ಚಿತ್ರ ‘ರಾಣಕದೇವಿ’ಯಲ್ಲಿ ನಮ್ಮೂರಿಗೆ ಒಮ್ಮೆ ಬಾ ಎಂದು ಕರೆಯುವ ಹಾಡು, 1947ರ ‘ಶಹನಾಯಿ’ಗೆ ಸಿ. ರಾಮಚಂದ್ರ ಕೂಡಿಸಿದ ಚೇಷ್ಟೆಯ ಹಾಡು, ಅದೇ ವರ್ಷದ ‘ಸಿಂದೂರ್’ನಲ್ಲಿ ಖೇಮಚಂದ್ ಪ್ರಕಾಶರ ಸಂಗೀತ. 1948ರ ‘ಶಹನಾಜ್’ ಚಿತ್ರಕ್ಕೆ ಅಮೀರ್‌ಬಾಯಿಯೇ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣುಮಕ್ಕಳು ಆ ಕುರ್ಚಿಯಲ್ಲಿ ಕೂರುವುದು ಅಪರೂಪವಾಗಿದ್ದ ಕಾಲ ಅದು. ಇವೆಲ್ಲವನ್ನೂ ಕೇಳಿದ ಕಿವಿಗೆ ಒಂದು ವಿಷಯ ತಿಳಿಯುತ್ತದೆ. ‘ರತನ್’ನ ಅಗಲಿಕೆಯ ಹಾಡಿನ ದನಿಗೂ ‘ಕಿಸ್ಮತ್’ನ ಕೃಷ್ಣ ಭಜನೆಯ ದನಿಗೂ ಅಂತರ ಕಡಿಮೆ. ತೆರೆದ ಕಂಠ, ಮಾತನ್ನು ನುಂಗದ ಉಚ್ಚಾರ, ಸಾಲಿನ ಕೊನೆಯಲ್ಲಿ ಸ್ವರವನ್ನು ಸಡಿಲ ಬಿಡದ ಹಿಡಿತ ಎರಡರಲ್ಲೂ ಒಂದೇ. ಇನಿಯನನ್ನು ಕಾಯುವವಳೂ ಕೃಷ್ಣನನ್ನು ಕಾಯುವವಳೂ ಒಬ್ಬಳೇ ಎಂಬಂತೆ ಅವರು ಹಾಡಿದರು. ವೈಷ್ಣವರ ವಿರಹಭಕ್ತಿಯೂ, ಲೌಕಿಕ ಪ್ರೇಮ ದೈವೀ ಪ್ರೇಮಕ್ಕೆ ಮೆಟ್ಟಿಲು ಎನ್ನುವ ಸೂಫಿಗಳ ವಿಚಾರವೂ ಹೇಳಿಕೊಂಡು ಬಂದದ್ದು ಇದನ್ನೇ.

ಪ್ರಶ್ನೆಗೆ ಕಾವ್ಯಮೀಮಾಂಸಕರು ಕೊಡುವ ಉತ್ತರ ಬಹಳ ಹಳೆಯದು. ನಾಟಕ ನೋಡುವಾಗ ಉಂಟಾಗುವ ರಸ ಎಲ್ಲಿರುತ್ತದೆ ಎಂದು ಅವರು ಕೇಳಿಕೊಂಡರು. ರಾಮನಲ್ಲಿಯೋ, ರಾಮನ ವೇಷ ಹಾಕಿದ ನಟನಲ್ಲಿಯೋ, ನೋಡುವವನಲ್ಲಿಯೋ? ಭಟ್ಟಲೊಲ್ಲಟ ಅದನ್ನು ಮುಖ್ಯವಾಗಿ ರಾಮನಲ್ಲಿಟ್ಟ. ಶಂಕುಕ, ಚಿತ್ರದ ಕುದುರೆಯನ್ನು ಕುದುರೆಯೆಂದೇ ತಿಳಿಯುವಂತೆ ನಟನಲ್ಲಿ ಅದನ್ನು ಊಹಿಸುತ್ತೇವೆ ಎಂದ. ಭಟ್ಟನಾಯಕ, ಇವರ ದುಃಖ ಅವರ ದುಃಖ ಎಂಬ ಗಡಿಗಳು ಅಳಿಸಿ ಭಾವ ಎಲ್ಲರದೂ ಆಗುವುದನ್ನು ಸಾಧಾರಣೀಕರಣವೆಂದು ಕರೆದ. ಅಭಿನವಗುಪ್ತ ರಸವನ್ನು ಸಹೃದಯನಲ್ಲಿಟ್ಟು, ನಟನನ್ನು ‘ಪಾತ್ರ’ ಎನ್ನುವುದು ಇದಕ್ಕಾಗಿಯೇ ಎಂದು ವಿವರಿಸಿದ. ಪಾತ್ರೆ ತನ್ನೊಳಗಿನ ಪಾನೀಯದ ರುಚಿ ನೋಡುವುದಿಲ್ಲ, ಕುಡಿಯುವವನಿಗೆ ಮುಟ್ಟಿಸುತ್ತದೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಈ ಚರ್ಚೆಯನ್ನು ಕನ್ನಡದಲ್ಲಿ ತಿಳಿಯಾಗಿ ಬಿಡಿಸಿಟ್ಟಿದೆ. ಈ ವಾದದ ಪ್ರಕಾರ ಅಮೀರ್‌ಬಾಯಿ ಕೃಷ್ಣನನ್ನು ನಂಬಿದ್ದರೋ ಇಲ್ಲವೋ ಎಂಬುದು ಕೇಳಬೇಕಾದ ಪ್ರಶ್ನೆಯೇ ಅಲ್ಲ.

ಉತ್ತರ ಚೆನ್ನಾಗಿದೆ, ಆದರೂ ಸಾಲದು. ಪಾತ್ರೆ ಬದಲಾದರೆ ನೀರಿನ ರುಚಿ ಬದಲಾಗಬಾರದು. ಹಾಡಿನಲ್ಲಿ ಹಾಗಾಗುವುದಿಲ್ಲ. ಅದೇ ಭಜನೆಯನ್ನು ಬೇರೊಬ್ಬರು ಹಾಡಿದರೆ ಅದು ಬೇರೆ ಭಜನೆಯೇ ಆಗುತ್ತದೆ. ಅಭಿಮಾನಿ ಹುಡುಕಿಕೊಂಡು ಹೋಗುವುದು ಈ ಒಂದು ಕಂಠವನ್ನು, ಸಾಹಿತ್ಯವನ್ನಷ್ಟೇ ಅಲ್ಲ. ಗಾಯಕಿಯನ್ನು ಬರಿದಾದ ಪಾತ್ರೆ ಮಾಡಿದರೆ ಅವರು ಮಾಡಿದ ಕೆಲಸದ ಲೆಕ್ಕ ಎಲ್ಲಿಯೂ ಬಾರದೆ ಹೋಗುತ್ತದೆ.

ಎದುರು ತುದಿಯಲ್ಲಿ ನಿಲ್ಲುವವರು ಶರಣರು. ಕೃಷ್ಣಾ ಮಲಪ್ರಭೆ ಕೂಡುವ ಕೂಡಲಸಂಗಮ ಬೀಳಗಿಯಿಂದ ದೂರವೇನಲ್ಲ. ನುಡಿದಂತೆ ನಡೆಯಬೇಕು ಎಂಬ ನಿಯಮವನ್ನು ಬಸವಣ್ಣನವರಷ್ಟು ಕಟ್ಟುನಿಟ್ಟಾಗಿ ಹಿಡಿದವರು ಕಡಿಮೆ. ಒಳಗೆ ಒಂದು, ಹೊರಗೆ ಒಂದು ಆದರೆ ಕೂಡಲಸಂಗಮದೇವ ಮೆಚ್ಚುವುದಿಲ್ಲ ಎಂಬುದು ಅವರ ನಿಲುವು. ಈ ಅಳತೆಗೋಲು ಹಿಡಿದರೆ, ಸಂಬಳಕ್ಕಾಗಿ ಇನ್ನೊಬ್ಬರ ದೇವರನ್ನು ಹಾಡಿದ್ದು ಬರಿಯ ನುಡಿಯಾಗುತ್ತದೆ. ಆ ಸಂಬಳವೂ ಸಣ್ಣದಲ್ಲ: ಬೇರೆಯವರಿಗೆ ಹಾಡಿಗೆ ಐನೂರು ರೂಪಾಯಿ ಸಿಗುತ್ತಿದ್ದ ಕಾಲದಲ್ಲಿ ಅಮೀರ್‌ಬಾಯಿಗೆ ಸಾವಿರ ಸಿಗುತ್ತಿತ್ತು ಎಂದು ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಸಂಪಾದಕ ಬಾಬುರಾವ್ ಪಟೇಲ್ ಬರೆದರು. ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಧರ್ಮದ ಹೆಸರಿನಲ್ಲಿ ತುಟಿಯ ಮೇಲಿನ ಮಾತು ಎಷ್ಟು ಅನಾಹುತ ಮಾಡುತ್ತದೆ ಎಂಬುದನ್ನು ಕಂಡವರ ಆಕ್ಷೇಪ ಅದು.

ಸೂಫಿಗಳು ಪ್ರಶ್ನೆಯನ್ನು ಹಾಡುವವರಿಂದ ಕೇಳುವವರ ಕಡೆ ತಿರುಗಿಸಿದರು. 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿ ‘ಸಮಾ’ ಎಂದರೆ ಸಂಗೀತ ಕೇಳುವುದನ್ನು ಕುರಿತು ವಿವರವಾಗಿ ಬರೆದವರು. ಸಂಗೀತ ಎದೆಯೊಳಗೆ ಇಲ್ಲದ್ದನ್ನು ತಂದು ಹಾಕುವುದಿಲ್ಲ, ಇದ್ದದ್ದನ್ನು ಕದಡಿ ಮೇಲೆ ತರುತ್ತದೆ ಎಂದು ಅವರು ಕಂಡರು. ಕೇಳುವವನೊಳಗೆ ಕಾಮವಿದ್ದರೆ ಕಾಮ, ದೇವರ ಹಂಬಲವಿದ್ದರೆ ಹಂಬಲ. 1422ರಲ್ಲಿ ತೀರಿಕೊಂಡ ಕಲಬುರಗಿಯ ಖ್ವಾಜಾ ಬಂದೇನವಾಜರೂ ಸಮಾವನ್ನು ಎತ್ತಿ ಹಿಡಿದವರು. ಭಾಗವತದಲ್ಲಿ ಪ್ರಹ್ಲಾದ ಎಣಿಸುವ ಒಂಬತ್ತು ಬಗೆಯ ಭಕ್ತಿಯಲ್ಲೂ ಶ್ರವಣವೇ ಮೊದಲು, ಕೀರ್ತನ ಆಮೇಲೆ. ಗ್ರಾಮಫೋನ್ ತಟ್ಟೆ ಈ ವಾದಕ್ಕೆ ಪುಷ್ಟಿ ಕೊಡುತ್ತದೆ. ತಟ್ಟೆಗೆ ಹೃದಯವಿಲ್ಲ, ಮುಳ್ಳು ತಾಗಿದಾಗಲೆಲ್ಲ ಅದು ಅದೇ ಮಾತನ್ನು ಹೇಳುತ್ತದೆ. ಆದರೂ ಕೇಳಿದವರು ಕರಗುತ್ತಾರೆ.

ಇಷ್ಟಾದರೂ ಪುಸ್ತಕದ ವಾದಗಳಿಗಿಂತ ಬೀಳಗಿಯ ಸುತ್ತಲಿನ ಬದುಕು ಈ ವಿಷಯದಲ್ಲಿ ಹೆಚ್ಚು ಹೇಳುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಮೊಹರಂ ಬಂತೆಂದರೆ ಅಲಾಯಿ ದೇವರ ಮುಂದೆ ಹೆಜ್ಜೆಮೇಳ ಕಟ್ಟಿ ರಿವಾಯತ್ ಪದ ಹಾಡುವವರಲ್ಲಿ ಬಹುಪಾಲು ಹಿಂದೂಗಳು. ಮುಸ್ಲಿಂ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಪಂಜಾ ಕೂರುತ್ತದೆ. ಕುರುಬರು, ಬ್ಯಾಡರು, ಲಿಂಗಾಯತರು ಕರ್ಬಲಾದಲ್ಲಿ ನೀರಿಲ್ಲದೆ ಸತ್ತ ಹುಸೇನರ ಕತೆಯನ್ನು ಕನ್ನಡದಲ್ಲಿ ಹಾಡಿ ಕಣ್ಣೀರು ಒರೆಸಿಕೊಳ್ಳುತ್ತಾರೆ. ಅವರನ್ನು ಯಾರೂ ‘ನೀವು ಕಲ್ಮಾ ಓದಿದ್ದೀರಾ?’ ಎಂದು ಕೇಳುವುದಿಲ್ಲ. ಶಿಶುನಾಳದ ಶರೀಫರು (1819–1889) ಗೋವಿಂದಭಟ್ಟರ ಶಿಷ್ಯರಾಗಿ ಹಾಡಿದ ಪದಗಳು ಎಲ್ಲ ಭಜನಾ ಮೇಳಗಳ ಸೊತ್ತು. ಇನ್ನೂ ಹಿಂದಕ್ಕೆ ಹೋದರೆ, ವಿಜಾಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದ. ಅಮೀರ್‌ಬಾಯಿ ಕೃಷ್ಣನನ್ನು ಹಾಡಿದ್ದು ಮುಂಬಯಿಯ ಸ್ಟುಡಿಯೋದಲ್ಲಿ ಕಲಿತ ಉದಾರತೆಯಿಂದ ಎಂದು ತಿಳಿದರೆ ತಪ್ಪಾಗುತ್ತದೆ. ಇನ್ನೊಬ್ಬರ ದೇವರನ್ನು ತನ್ನ ದನಿಯಲ್ಲಿ ಹೊರುವುದು ಅವರು ಹುಟ್ಟಿದ ಸೀಮೆಯ ಹಳೆಯ ರೂಢಿ.

ಈ ರೂಢಿಯ ಒಳಗಿನ ತತ್ತ್ವ ಯಾವುದು? ಶರಣರ ಆಕ್ಷೇಪಕ್ಕೆ ಶರಣರಲ್ಲೇ ಉತ್ತರವಿದೆ, ಅದು ಕಾಯಕ. ಅಕ್ಕಿ ಆಯುವುದು, ಹುಲ್ಲಿನ ಹಗ್ಗ ಹೊಸೆಯುವುದು, ಚಮ್ಮಾರಿಕೆ, ಅಗಸರ ಕೆಲಸ ಎಲ್ಲವನ್ನೂ ಅವರು ಪೂಜೆಯ ಮಟ್ಟಕ್ಕೆ ಎತ್ತಿದರು. ಕೆಲಸದಲ್ಲಿ ಮುಳುಗಿದವನಿಗೆ ಪೂಜೆಯ ಹೊತ್ತು ತಪ್ಪಿದರೂ ದೋಷವಿಲ್ಲ ಎನ್ನುವಷ್ಟು ದೂರ ಆಯ್ದಕ್ಕಿ ಮಾರಯ್ಯ ಹೋದ. ಕಾಯಕಕ್ಕೆ ಕೂಲಿ ತೆಗೆದುಕೊಳ್ಳುವುದು ತಪ್ಪಲ್ಲ. ದುಡಿಯದೆ ತೆಗೆದುಕೊಳ್ಳುವುದು, ಬೇಕಾದ್ದಕ್ಕಿಂತ ಹೆಚ್ಚು ಗೋರುವುದು ತಪ್ಪು. ಕೆಲಸವನ್ನು ಅರೆಮನಸ್ಸಿನಿಂದ ಮಾಡುವುದು ದೊಡ್ಡ ತಪ್ಪು. ಹೀಗೆ ನೋಡಿದರೆ ನುಡಿ ಮತ್ತು ನಡೆ ಒಂದಾಗಬೇಕೆಂಬ ನಿಯಮ ಗಾಯಕಿಗೆ ಅನ್ವಯಿಸುವ ಬಗೆಯೇ ಬೇರೆ. ಗಾಯಕಿಯ ನಡೆ ಎಂದರೆ ಹಾಡುವುದು. ಸ್ವರ ತಪ್ಪದೆ, ಶಬ್ದದ ಅರ್ಥಕ್ಕೆ ಮೋಸ ಮಾಡದೆ, ಮೂರು ನಿಮಿಷದ ಹೊತ್ತು ಆ ಕುಂಟ ಹುಡುಗಿಯ ಮೊರೆಗೆ ತನ್ನ ಉಸಿರನ್ನೆಲ್ಲ ಕೊಟ್ಟರೆ ಅಲ್ಲಿಗೆ ನುಡಿಯೂ ನಡೆಯೂ ಕೂಡಿದವು. ಅವರ ಎದೆಯಲ್ಲಿ ಯಾವ ದೇವರಿದ್ದ ಎಂದು ಇಣುಕುವ ಅಧಿಕಾರ ಕೇಳುವವರಿಗೆ ಇಲ್ಲ. ಕೆಲಸದಲ್ಲಿ ಕಳ್ಳತನ ಇತ್ತೇ ಎಂದು ಪರೀಕ್ಷಿಸುವ ಅಧಿಕಾರ ಇದೆ, ಮುನ್ನೂರಕ್ಕೂ ಮಿಕ್ಕಿದ ಹಾಡುಗಳು ಆ ಪರೀಕ್ಷೆಗೆ ತೆರೆದಿವೆ. ಹಗುರ ಚಿತ್ರದ ಹಗುರ ಹಾಡಿನಲ್ಲೂ ಅಮೀರ್‌ಬಾಯಿ ಕೈ ಬಿಟ್ಟು ಹಾಡಿಲ್ಲ. ಭಜನೆಗೆ ಒಂದು ಶ್ರದ್ಧೆ, ಚೇಷ್ಟೆಯ ಹಾಡಿಗೆ ಇನ್ನೊಂದು ಎಂಬ ಭೇದ ಅವರಲ್ಲಿ ಕಾಣುವುದಿಲ್ಲ. ಭಜನೆಯಲ್ಲಿ ಕೇಳಿಸುವ ಭಕ್ತಿಯ ಬೇರು ಈ ಶ್ರದ್ಧೆಯಲ್ಲಿದೆ. ಒಂದೇ ಹಾಡು ಕೇಳಿದವರಿಗೆ ಇದು ತಿಳಿಯುವ ಸಂಭವ ಕಡಿಮೆ. ಎಲ್ಲವನ್ನೂ ಕೇಳುವ ಅಭಿಮಾನಿಗೆ ಸಿಗುವ ಲಾಭ ಇದು.

ಅಭಿಮಾನ ಎಂಬ ಶಬ್ದವೂ ಎಚ್ಚರ ಬೇಡುತ್ತದೆ. ಸಾಂಖ್ಯರಿಗೆ ಅಹಂಕಾರದ ಲಕ್ಷಣವೇ ಅಭಿಮಾನ: ‘ಇದು ನನ್ನದು’ ಎಂದು ಅಂಟಿಕೊಳ್ಳುವ ಬುದ್ಧಿ. ಮಾಧ್ವರಲ್ಲಿ ಒಂದೊಂದು ತತ್ತ್ವಕ್ಕೂ ಒಬ್ಬ ಅಭಿಮಾನಿ ದೇವತೆ. ಡಾ. ರಾಜ್‌ಕುಮಾರ್ ತಮ್ಮನ್ನು ಮೆಚ್ಚಿದ ಜನರನ್ನೇ ಅಭಿಮಾನಿ ದೇವರುಗಳೆಂದು ಕರೆದರು. ಒಂದೇ ಶಬ್ದದಲ್ಲಿ ಬಂಧನವೂ ಇದೆ, ಪೂಜ್ಯತೆಯೂ ಇದೆ. ಬಂಧನದ ಮುಖ ಏನು ಮಾಡುತ್ತದೆ ಎಂಬುದಕ್ಕೆ ಅಮೀರ್‌ಬಾಯಿಯ ಅಕ್ಕನ ಕತೆಯೇ ಸಾಕ್ಷಿ. ಬಾಲಗಂಧರ್ವರ ದನಿಯಲ್ಲಿ ಅಭಂಗ ಕೇಳಿ ಮೈಮರೆಯುತ್ತಿದ್ದ ಅಭಿಮಾನಿಗಳಲ್ಲಿ ಎಷ್ಟೋ ಜನ, ಅವರು ಗೋಹರಬಾಯಿಯನ್ನು ಕೈಹಿಡಿದಾಗ ಆಕೆಯನ್ನು ಒಪ್ಪಲಿಲ್ಲ. ದನಿಯನ್ನು ತಮ್ಮ ಸೊತ್ತೆಂದು ತಿಳಿದವರಿಗೆ ದನಿಯ ಹಿಂದಿನ ಮನುಷ್ಯರ ಬದುಕೂ ತಮ್ಮ ಅಪ್ಪಣೆಯಂತೆ ನಡೆಯಬೇಕು ಎನ್ನಿಸಿತು. ಪಂಢರಪುರದ ವಿಠಲನ ಹಾಡು ಕೇಳಿದ ಕಿವಿಗಳು ಮಾಡಿದ ಅನ್ಯಾಯ ಅದು. ಶ್ರವಣ ಭಕ್ತಿಯಾಗುವುದು ಕೇಳುವವರ ಎದೆ ಅದರಿಂದ ಹಿಗ್ಗಿದರೆ ಮಾತ್ರ.

1940ರ ದಶಕದ ಕೊನೆಗೆ ಹಿಂದಿ ಚಿತ್ರಗೀತೆಯ ಅಭಿರುಚಿ ಬದಲಾಯಿತು. ಲತಾ ಮಂಗೇಶ್ಕರ್ ಅವರ ತೆಳುವಾದ, ಮೇಲಿನ ಸ್ಥಾಯಿಯ ದನಿ ಬಂದ ಮೇಲೆ ಅಮೀರ್‌ಬಾಯಿ, ಜೊಹ್ರಾಬಾಯಿ ಅಂಬಾಲೇವಾಲಿ ಅವರಂಥ ತುಂಬು ಕಂಠಗಳಿಗೆ ಕರೆ ಕಡಿಮೆಯಾಯಿತು. ಅಮೀರ್‌ಬಾಯಿ ಪೋಷಕ ಪಾತ್ರಗಳಿಗೆ ಸರಿದರು. ಅವರ ಪೀಳಿಗೆಯ ಹಾಡುಗಳನ್ನು ಬೆಳಗಿನ ಹೊತ್ತು ಮರೆಯದೆ ಕೇಳಿಸುತ್ತ ಬಂದದ್ದು ರೇಡಿಯೊ ಸಿಲೋನಿನ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮ. ಪಾರ್ಶ್ವವಾಯು ಬಡಿದು ಕೆಲವೇ ದಿನಗಳಲ್ಲಿ, 1965ರ ಮಾರ್ಚ್‌ನಲ್ಲಿ, ಅಮೀರ್‌ಬಾಯಿ ತೀರಿಕೊಂಡರು. ಅವರ ಹೆಸರಿನ ಅಮೀರ್ ಟಾಕೀಸ್ ಇದ್ದ ವಿಜಾಪುರದಲ್ಲೇ ಅವರನ್ನು ಮಣ್ಣು ಮಾಡಲಾಯಿತು. ಹಾಡುಗಳನ್ನು ಹೊಸದಾಗಿ ಕೇಳಲು ಹೊರಟವರು 1943ರ ಕೃಷ್ಣ ಭಜನೆಯಿಂದ ಶುರು ಮಾಡಬಹುದು. ಅದರ ಬೆನ್ನಿಗೇ 1944ರ ‘ರತನ್’ನ ಅಗಲಿಕೆಯ ಹಾಡನ್ನು ತಪ್ಪದೆ ಕೇಳಬೇಕು.